ಹೆಪ್ಪಿನ ಬುಟ್ಟಿಯೂ ರೈಲಿನ ಬ್ರೇಕೂ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಮಾತು ಅದಕ್ಕಿಂತಲೂ ಒರಟು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ ಎಂದರೆ ಅದು ನನ್ನ ಧೈರ್ಯವಲ್ಲ, ಮೊಮ್ಮಗಳ ಹಟ. ಆವರಗೆರೆಯ ನಮ್ಮ ಮನೆಯ ಜಗಲಿಯ ಮೇಲೆ ಸಂಜೆ ಕುಳಿತಾಗಲೆಲ್ಲ ಅವಳು, ಅಷ್ಟು ದೊಡ್ಡ ರೈಲು ಹೇಗೆ ನಿಲ್ಲುತ್ತದೆ, ನೀನು ಮಾಡಿದ ಸಾಮಾನು ಅದರಲ್ಲಿ ಎಲ್ಲಿ ಇರುತ್ತದೆ ಎಂದು ಕೇಳುತ್ತಾಳೆ. ನಾನು ಮಾಡಿದ್ದಲ್ಲ ಮಗಳೇ, ನಾವೆಲ್ಲ ಸೇರಿ ಮಾಡಿದ್ದು ಎಂದರೆ ಅವಳಿಗೆ ಸಮಾಧಾನವಿಲ್ಲ. ಹೇಳಿದ್ದನ್ನೇ ಬರೆದುಕೊಡು ಎಂದಳು. ಬರೆಯುತ್ತಿದ್ದೇನೆ. ನಡುವೆ ದಾರಿ ತಪ್ಪಿದರೆ ನೀವೇ ಕೈ ಹಿಡಿದು ಎಳೆದುಕೊಳ್ಳಿ.

ನಾನು ಹುಟ್ಟಿನಿಂದ ಕಬ್ಬಿಣದವಳಲ್ಲ, ನೋಡಿ. ಮದುವೆಯಾಗಿ ಬಂದ ಮೇಲೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ. ಅಲ್ಲ, ಹುರಿಯುವುದು ಗಂಡಸರ ಕೆಲಸ, ನಾನು ಜರಡಿ ಹಿಡಿಯುತ್ತಿದ್ದೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆಗೆ ಕಣ್ಣು ಯಾವಾಗಲೂ ಕೆಂಪು. ಆದರೂ ಅದು ನಮ್ಮ ಅನ್ನ. ಆಮೇಲೆ ಭಟ್ಟಿಗೆ ಯಂತ್ರ ಬಂತು, ಜರಡಿ ಹಿಡಿಯುವ ಹೆಂಗಸರು ಬೇಡವಾದರು. ಅದೇ ಹೊತ್ತಿಗೆ ನಮ್ಮ ಮನೆಯವರು ಮಾರುಕಟ್ಟೆಯಲ್ಲಿ ಜೋಳದ ಚೀಲ ಹೊರುವಾಗ ಸೊಂಟ ಉಳುಕಿಸಿಕೊಂಡು ಮಲಗಿದರು. ಮನೆಯಲ್ಲಿ ಒಲೆ ಹಚ್ಚುವವಳೂ ನಾನೇ, ಒಲೆಗೆ ಬೇಕಾದದ್ದನ್ನು ತರುವವಳೂ ನಾನೇ ಆದೆ. ಆಗ ಪಕ್ಕದ ಮನೆಯ ದುರ್ಗಮ್ಮ, ಅವಳು ನನಗಿಂತ ಎರಡು ಮಾತು ಜಾಸ್ತಿ ಆಡುವವಳು, ಹರಿಹರದಲ್ಲಿ ತಾನು ಹೋಗುವ ಫೌಂಡ್ರಿಗೆ ನನ್ನನ್ನೂ ಬಸ್ಸು ಹತ್ತಿಸಿದಳು. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹುಯ್ಯುವ ಕಾರ್ಖಾನೆ. ಅಲ್ಲಿಯೂ ನನ್ನ ಕೈಗೆ ಮೊದಲು ಬಂದದ್ದು ಜರಡಿ ಮತ್ತು ಮರಳು. ದುರ್ಗಮ್ಮ ನಕ್ಕಳು. “ನಿನ್ನ ಹಣೆಬರದಾಗ ಮರಳು ಬಿಟ್ಟು ಬ್ಯಾರೆ ಏನೂ ಬರದಿಲ್ಲ ನೋಡು” ಎಂದಳು.

ಸ್ವಲ್ಪ ದಿನದ ಮೇಲೆ ನನ್ನನ್ನು ಗುಜರಿ ಒಡೆಯುವ ಕಡೆಗೆ ಹಾಕಿದರು. ಹಳೆಯ ಕಬ್ಬಿಣದ ರಾಶಿಯ ಮುಂದೆ ನಾವು ಹೆಂಗಸರು ಸುತ್ತಿಗೆ ಹಿಡಿದು ಕೂರಬೇಕು, ಒಲೆಯ ಬಾಯಿಗೆ ಹಿಡಿಸುವಷ್ಟು ಚೂರು ಮಾಡಬೇಕು. ಕೇಳುವುದಕ್ಕೆ ಸುಲಭ, ಒಡೆದವರಿಗೆ ಗೊತ್ತು. ಟ್ರ್ಯಾಕ್ಟರಿನ ತುಂಡು ಬಂದರೆ ಸುತ್ತಿಗೆಯೇ ಪುಟಿದು ಹಣೆಗೆ ಬರುತ್ತದೆ. ಆ ದಿನ ಊಟಕ್ಕೆ ಕುಳಿತರೆ ತುತ್ತು ಎತ್ತಲು ಭುಜ ಒಪ್ಪುವುದಿಲ್ಲ. ನಮಗೆಲ್ಲ ಇಷ್ಟವಾದದ್ದು ಗಿರಣಿಯ ಕಬ್ಬಿಣ. ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿ ಎಷ್ಟೋ ವರ್ಷಗಳಾಗಿವೆ, ನಿಮಗೂ ಗೊತ್ತಲ್ಲ. ಅವುಗಳ ಮಗ್ಗದ ಕಾಲು, ಚೌಕಟ್ಟು, ಹಲ್ಲಿನ ಗಾಲಿ, ಎಲ್ಲವನ್ನೂ ಫೌಂಡ್ರಿಯ ಒಡೆಯರಾದ ನಮ್ಮ ಸಾವ್ಕಾರರ ತಂದೆ ಅಗ್ಗವಾಗಿದ್ದಾಗ ಕೊಂಡು ಶೆಡ್ಡಿನ ಹಿಂದೆ ಗುಡ್ಡೆ ಹಾಕಿಸಿದ್ದರು. ಅದಕ್ಕೆ ಒಂದೇ ಏಟು ಸಾಕು, ಒಣಗಿದ ರೊಟ್ಟಿ ಮುರಿದ ಹಾಗೆ ಎರಡು ತುಂಡು. ಗಿರಣಿಯ ಕಬ್ಬಿಣ ಬಂದ ದಿನ ನಾವು ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದೆವು. ಆದರೆ ಅದನ್ನು ಯಾರೂ ಸಾಧಾರಣ ಕಬ್ಬಿಣ ಎಂದು ಎಣಿಸುತ್ತಿರಲಿಲ್ಲ. ಅದು ಹೆಪ್ಪು.

ಹೆಪ್ಪು ಏನೆಂದು ಹೇಳಬೇಕು. ಒಲೆ ನೋಡಿಕೊಳ್ಳುವವರು ಹಾಲೇಶಪ್ಪ ಮೇಸ್ತ್ರಿ. ಬಿಳಿ ಮೀಸೆ, ಕಡಿಮೆ ಮಾತು. ಕರಗಿದ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಣ್ಣ ನೋಡಿಯೇ ಇನ್ನೆಷ್ಟು ಹೊತ್ತು ಬೇಕು ಎಂದು ಹೇಳುವವರು. ಅವರ ಗುರು ಕಲಿಸಿದ ಪದ್ಧತಿ ಏನೆಂದರೆ, ಬೆಳಿಗ್ಗೆ ಒಲೆ ಹೊತ್ತಿಸಿದ ಕೂಡಲೇ ಚಪ್ಪಲಿ ಕಳಚಿ ನಿಂತು ಗಿರಣಿಯ ಕಬ್ಬಿಣದ ಒಂದು ತುಂಬು ಬುಟ್ಟಿಗೆ ಕುಂಕುಮ ಹಚ್ಚಿ ಒಳಗೆ ಸುರಿಯುವುದು. ಆಮೇಲೆಯೇ ಉಳಿದ ಮಾಲು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬೀಡು ಚೆನ್ನಾಗಿ ಹರಿಯುತ್ತದೆ, ಅಚ್ಚಿನ ಮೂಲೆ ಮೂಲೆ ತುಂಬುತ್ತದೆ ಎಂದು ಅವರ ನಂಬಿಕೆ. ಅದು ಸುಳ್ಳೂ ಅಲ್ಲ. ನಾವು ಆಗ ಮಾಡುತ್ತಿದ್ದದ್ದು ಒಲೆಯ ಜಾಲರಿ, ಪಂಪಿನ ಮುಚ್ಚಳ, ಹೀಗೆ ತೆಳುವಾದ ಸಾಮಾನು. ಒಂದೂ ಅರ್ಧಂಬರ್ಧ ಬರುತ್ತಿರಲಿಲ್ಲ. ಸುತ್ತಲಿನ ಫೌಂಡ್ರಿಯವರು ಹಾಲೇಶಪ್ಪನ ಕೈಗುಣ ಎನ್ನುತ್ತಿದ್ದರು. ಬುಟ್ಟಿಯನ್ನು ಆರಿಸಿ ತುಂಬಿ ಒಲೆಯವರೆಗೆ ತಂದು ಕೊಡುವ ಕೆಲಸ ನನ್ನದು. ಅದು ನನಗೆ ಹೆಮ್ಮೆಯ ಕೆಲಸವಾಗಿತ್ತು, ಸುಳ್ಳು ಏಕೆ ಹೇಳಲಿ.

ಆಮೇಲೆ ಕೆಟ್ಟ ಕಾಲ ಬಂತು. ಜಾಲರಿ ಕೊಳ್ಳುವವರು ಕಡಿಮೆಯಾದರು, ಪಂಪಿನವರು ಬೇರೆ ಊರಿನಿಂದ ತರಿಸತೊಡಗಿದರು. ಒಲೆ ವಾರದಲ್ಲಿ ಒಂದು ದಿನ ಉರಿದರೆ ಹೆಚ್ಚು. ಆಗ ನಮ್ಮ ಸಾವ್ಕಾರರು, ಚನ್ನಬಸಪ್ಪನವರು, ಎಲ್ಲಿಯೋ ಓಡಾಡಿ ರೈಲಿನ ಗೂಡ್ಸ್ ಡಬ್ಬಿಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರಿಂದ ಮಾತು ತಂದರು. ಡಬ್ಬಿಯ ಕೆಳಗೆ, ಚಕ್ರಕ್ಕೆ ಒತ್ತುವ ಬ್ರೇಕಿನ ಬ್ಲಾಕನ್ನು ಹಿಡಿದುಕೊಳ್ಳುವ ಕೊಕ್ಕೆಯೊಂದು ಇರುತ್ತದೆ, ಹ್ಯಾಂಗರ್ ಎನ್ನುತ್ತಾರೆ. ತೊಟ್ಟಿಲನ್ನು ತೊಲೆಗೆ ತೂಗುಹಾಕುವ ಕೊಕ್ಕೆ ಇರುತ್ತದಲ್ಲ, ಹಾಗೆಯೇ ಎಂದು ಮೊಮ್ಮಗಳಿಗೆ ಹೇಳಿದೆ. ಚಾಲಕ ಬ್ರೇಕು ಹಾಕಿದಾಗಲೆಲ್ಲ ಅದಕ್ಕೆ ಜಗ್ಗಿ ಎಳೆದಂಥ ಏಟು ಬೀಳುತ್ತದೆ. ಅದು ಮುರಿದರೆ ಬ್ಲಾಕು ಹಳಿಯ ಮೇಲೆ ಬೀಳುತ್ತದೆ. ಆಮೇಲಿನದನ್ನು ನಾನು ಬರೆಯುವುದಿಲ್ಲ, ನೀವೇ ಯೋಚಿಸಿ. ಮಾದರಿ ಮಾಡಿ ಕಳಿಸಬೇಕು, ಅವರು ಏಟು ಹೊಡೆದು ನೋಡುತ್ತಾರೆ, ತಡೆದರೆ ವರ್ಷವಿಡೀ ಕೆಲಸ.

ಸಾವ್ಕಾರರು ಎಲ್ಲರನ್ನೂ ಕರೆದು, ಇರುವುದರಲ್ಲಿ ಅತಿ ಗಟ್ಟಿಯಾದ ಬೀಡು ಹುಯ್ಯಿರಿ ಎಂದರು. ಹುಯ್ದೆವು. ಅರದಿಂದ ಉಜ್ಜಿದರೆ ಅರವೇ ಜಾರುವಷ್ಟು ಗಟ್ಟಿ. ಕಳಿಸಿದೆವು. ಒಂದು ಪೆಟ್ಟಿಗೆಯಲ್ಲಿ ತುಂಡುಗಳು ವಾಪಸು ಬಂದವು.

ಆಗ ಬಂದವರು ನಸ್ರೀನ್ ಮೇಡಂ. ದಾವಣಗೆರೆಯ ಹುಡುಗಿಯೇ, ಲೋಹದ ವಿಷಯವನ್ನೇ ಓದಿ ಇಂಜಿನಿಯರ್ ಆದವರು. ಸಾವ್ಕಾರರು ತಿಂಗಳಿಗೆ ಕೆಲವು ದಿನ ಬಂದು ದಾರಿ ತೋರಿಸಲಿ ಎಂದು ಕರೆಸಿದ್ದರು. ಅವರು ಮುರಿದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದಕ್ಕಿಂತ ಗಟ್ಟಿ ಇನ್ನು ಯಾವುದು ಎಂದು ಸಾವ್ಕಾರರು ಕೇಳಿದ್ದಕ್ಕೆ, “ಗಾಜು ಇದಕ್ಕಿಂತ ಗಟ್ಟಿ ಐತೆ ಸರ್. ಗಾಜಿನಾಗ ಮಾಡಾಣ್ವಾ?” ಎಂದರು. ನಾವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಸಾವ್ಕಾರರೂ ನಕ್ಕರು, ಸ್ವಲ್ಪ ಹೊತ್ತಿನ ಮೇಲೆ. ಆಮೇಲೆ ಮೇಡಂ ನಮ್ಮೆಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಚಕ್ರ ಬಹಳ ಬೆಲೆಯದು, ಅದು ಸವೆಯಬಾರದು. ಅದಕ್ಕೇ ಬ್ಲಾಕು ಅದಕ್ಕಿಂತ ಮೆತ್ತಗಿರಬೇಕು, ತಾನು ಸವೆದು ಚಕ್ರವನ್ನು ಉಳಿಸಬೇಕು. ಹ್ಯಾಂಗರ್ ಸವೆಯುವುದೂ ಬೇಡ, ಗಾಜಿನ ಹಾಗೆ ಸಿಡಿಯುವುದೂ ಬೇಡ. ಏಟು ಬಿದ್ದರೆ ಬಾಗಲಿ, ಮುರಿಯದಿರಲಿ. ಒಂದೇ ಬ್ರೇಕಿನಲ್ಲಿ ಒಂದೊಂದಕ್ಕೆ ಒಂದೊಂದು ಲೋಹ. ಉಕ್ಕು ಹುಯ್ಯುವಷ್ಟು ಕಾವನ್ನು ನಮ್ಮ ಒಲೆಯ ಒಳಗೋಡೆ ತಡೆಯುವುದಿಲ್ಲವಾದ್ದರಿಂದ ಅವರು ಆರಿಸಿದ್ದು ಬಾಗುವ ಬೀಡು. ಶುದ್ಧವಾದ ಹೊಸ ಬೀಡಿನ ಗಟ್ಟಿಗಳು, ಸ್ವಲ್ಪ ತಗಡಿನ ಚೂರು, ಹುಯ್ಯುವ ಮೊದಲು ಒಂದಿಷ್ಟು ಮೆಗ್ನೀಸಿಯಂ. ಅದನ್ನು ಹಾಕಿದಾಗ ನೋಡಬೇಕು, ಶೆಡ್ಡಿನ ಒಳಗೆ ಬೆಳ್ಳಗೆ ಬೆಳಕು ಎದ್ದು ನಮ್ಮ ನೆರಳುಗಳೆಲ್ಲ ಗೋಡೆಗೆ ಅಂಟುತ್ತವೆ. ದುರ್ಗಮ್ಮ ಮೊದಲ ಸಲ ಹೆದರಿ ಜರಡಿ ಬಿಟ್ಟು ಓಡಿದಳು. ಈಗ ಕೇಳಿದರೆ ಇಲ್ಲ ಎನ್ನುತ್ತಾಳೆ.

ಎರಡನೆಯ ಮಾದರಿ ಹೋಯಿತು. ಅದೂ ಮುರಿದು ಬಂತು.

ಆ ದಿನ ಸಾವ್ಕಾರರು ಕೂಗಾಡಲಿಲ್ಲ, ಕೂಗಾಡಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ, ಕಂಪನಿಯವರು ಇನ್ನೊಂದೇ ಸಲ ನೋಡುತ್ತಾರಂತೆ, ಅದೂ ಹೋದರೆ ಶೆಡ್ಡನ್ನು ಮೆಕ್ಕೆಜೋಳದ ಗೋಡೌನಿಗೆ ಬಾಡಿಗೆಗೆ ಕೊಡುತ್ತೇನೆ, ಕೇಳುವವರು ಬಂದಿದ್ದಾರೆ, ನೀವೂ ಬೇರೆ ಕಡೆ ನೋಡಿಕೊಳ್ಳಿ ಎಂದರು. ಗೋಡೌನಿಗೆ ಗುಜರಿ ಒಡೆಯುವವಳು ಏಕೆ ಬೇಕು? ನನಗೆ ಬಸ್ಸಿನಲ್ಲಿ ಊರಿಗೆ ಬರುವಷ್ಟು ದೂರವೂ ಭಟ್ಟಿಯ ಬಾಗಿಲಲ್ಲಿ ನಮ್ಮನ್ನು ವಾಪಸು ಕಳಿಸಿದ ದಿನವೇ ಕಣ್ಣಿಗೆ ಕಟ್ಟಿತ್ತು. ಮನೆಯವರ ಸೊಂಟ ಆಗಷ್ಟೇ ಸ್ವಲ್ಪ ಹಿಡಿತಕ್ಕೆ ಬರುತ್ತಿತ್ತು.

ಮಾರನೆಯ ದಿನ ನಸ್ರೀನ್ ಮೇಡಂ ಪ್ರಯೋಗಾಲಯದಿಂದ ಫಲಿತಾಂಶ ತಂದರು. ಮುರಿದ ತುಂಡಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚಾಗಿದೆ, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು, ಅದು ಇದ್ದರೆ ಬೀಡು ನೀರಿನ ಹಾಗೆ ಹರಿಯುತ್ತದೆ, ಆದರೆ ಆರಿದ ಮೇಲೆ ಗಾಜಿನ ಹಾಗೆ ಸಿಡಿಯುತ್ತದೆ ಎಂದರು. ಆದರೆ ಬೀಡಿನ ಗಟ್ಟಿಯಲ್ಲಿ ರಂಜಕವಿಲ್ಲ, ತಗಡಿನಲ್ಲಿ ಇಲ್ಲ, ಹಾಗಾದರೆ ಎಲ್ಲಿಂದ ಬಂತು? ಒಲೆಗೆ ಏನೇನು ಹಾಕಿದಿರಿ ಎಂದು ಮೇಸ್ತ್ರಿಯವರನ್ನು ಕೇಳಿದರು. ಮೇಸ್ತ್ರಿ, ನೀವು ಹೇಳಿದ್ದೇ, ಗಟ್ಟಿ ಮತ್ತು ತಗಡು, ಬೇರೆ ಒಂದು ಮೊಳೆಯೂ ಇಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ, ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಸಾರಿಗೆ ಏನೇನು ಹಾಕಿದೆ ಎಂದರೆ ಬೇಳೆ, ಹುಣಸೆ, ಖಾರ ಎನ್ನುತ್ತೇವೆ. ಒಲೆಗೆ ಕೈ ಮುಗಿದದ್ದನ್ನು ಹೇಳುತ್ತೇವೆಯೇ? ಹೆಪ್ಪು ಅವರಿಗೆ ಮಾಲಲ್ಲ, ಪೂಜೆ. ಮೇಡಂ ದಾವಣಗೆರೆಯಿಂದ ಬರುವ ಹೊತ್ತಿಗೆ ಬುಟ್ಟಿ ಒಳಗೆ ಹೋಗಿ ಕರಗಿಯಾಗಿರುತ್ತಿತ್ತು, ಅವರು ಅದನ್ನು ಕಣ್ಣಿನಿಂದ ನೋಡಿಯೇ ಇರಲಿಲ್ಲ. ದಿನವೂ ನೋಡುತ್ತಿದ್ದ ನಮ್ಮಲ್ಲಿ ಯಾರಿಗೂ ಅದು ಹೇಳುವಂಥದ್ದು ಎಂದು ಹೊಳೆಯಲಿಲ್ಲ.

ನನಗೂ ಹೊಳೆಯುತ್ತಿರಲಿಲ್ಲ. ಮೇಡಂ ಆ ಮುರಿದ ತುಂಡನ್ನು ನಮ್ಮ ರಾಶಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟು ಕೈ ತೊಳೆಯಲು ಹೋದರು. ನಾನು ಒಡೆಯುತ್ತ ಕುಳಿತಿದ್ದೆ, ಮಗ್ಗದ ಕಾಲು, ಒಂದೇ ಏಟಿಗೆ ಎರಡಾಯಿತು. ಆ ಕಡೆ ಹ್ಯಾಂಗರಿನ ತುಂಡು, ಈ ಕಡೆ ಮಗ್ಗದ ತುಂಡು. ಎರಡರ ಮುರಿದ ಮುಖವೂ ಬಿಸಿಲಿಗೆ ಸಕ್ಕರೆಯ ಅಚ್ಚು ಮುರಿದ ಹಾಗೆ ಮಿಣಮಿಣ ಹೊಳೆಯುತ್ತಿತ್ತು. ಅಣ್ಣ ತಮ್ಮಂದಿರ ಮುಖ ನೋಡಿದ ಹಾಗಾಯಿತು. ಸುತ್ತಿಗೆ ಕೆಳಗಿಟ್ಟೆ. ಇದು ನಮಗೆ ಇಷ್ಟವಾದದ್ದೇ ಸುಲಭವಾಗಿ ಮುರಿಯುತ್ತದೆ ಎಂದು. ಅದನ್ನೇ ಬುಟ್ಟಿ ತುಂಬ ತೆಗೆದುಕೊಂಡು ಹೋಗಿ, ಮುರಿಯಬಾರದ ಸಾಮಾನಿಗೆ ಹಾಕುತ್ತಿದ್ದೇವೆ.

ದುರ್ಗಮ್ಮನಿಗೆ ಹೇಳಿದೆ. ಅವಳು ಸುತ್ತ ನೋಡಿ, ಮೇಸ್ತ್ರಿಯ ಹೆಪ್ಪಿನ ಮಾತು ಎತ್ತಿದರೆ ಗೋಡೌನು ಬರುವ ಮೊದಲೇ ನಿನ್ನ ಕೆಲಸ ಹೋಗುತ್ತದೆ, ಸುಮ್ಮನಿರು ಎಂದಳು. “ಅಲ್ಲದೇ ನೀನು ಮಾತಾಡೋದ್ರಾಗ ಚಾ ತಣ್ಣಗಾಗ್ತೈತೆ. ಅಷ್ಟು ಜನದ ಮುಂದ ಏನು ಹೇಳ್ತಿ?” ಎಂದೂ ಸೇರಿಸಿದಳು. ಅದು ನಿಜ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಕೇಳದೆ ಇಳಿದು ಹೋಗುವವಳು ನಾನು. ಸಾವ್ಕಾರರ ಕೋಣೆಗೆ ಹೋಗಲೇ? ಮೇಡಮ್ಮಿಗೆ ಹೇಳಲೇ? ಹೇಳಿದರೆ ಎಲ್ಲರೆದುರು ಮೇಸ್ತ್ರಿಯವರನ್ನು ಕರೆಸಿ ಕೇಳುತ್ತಾರೆ. ಅಷ್ಟು ವರ್ಷದ ಮನುಷ್ಯ ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ. ಕೊನೆಗೆ ಎರಡೂ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಸ್ತ್ರಿಯವರ ಹತ್ತಿರವೇ ಹೋದೆ. ಮಧ್ಯಾಹ್ನ, ಅವರು ಮರಳಿನ ಗುಡ್ಡೆಗೆ ಒರಗಿ ಒಬ್ಬರೇ ಚಹಾ ಕುಡಿಯುತ್ತಿದ್ದರು. ತುಂಡುಗಳನ್ನು ಅವರ ಮುಂದೆ ಇಟ್ಟೆ, ಮುರಿದ ಮುಖ ಮೇಲೆ.

ಅವರು ನೋಡಿದರು. ಲೋಟ ಕೆಳಗಿಟ್ಟು ಮತ್ತೆ ನೋಡಿದರು. ಅವರ ಕಣ್ಣಿಗೆ ತಿಳಿಯದಿರುತ್ತದೆಯೇ?

“ಹಂಗಾದ್ರೆ ನನ್ನ ಹೆಪ್ಪು ವಿಷ ಅಂತೀಯೇನು ಕರಿಬಸಮ್ಮ?” ಎಂದರು.

ನಾನು ಬಾಯಿಗೆ ಬಂದದ್ದನ್ನು ಹೇಳಿದೆ. “ವಿಷ ಅಲ್ರಿ ಅಣ್ಣ. ಹಾಲಿಗೆ ಅದು ಬೇಕ್ರಿ. ಪಾಯಸಕ್ಕ ಹಾಕಿದ್ರ ಮಾತ್ರ ಒಡಿತೈತಿ.”

ಅವರು ಚಹಾ ಪೂರ್ತಿ ಕುಡಿಯಲಿಲ್ಲ, ಮರಳಿಗೆ ಚೆಲ್ಲಿ ಎದ್ದು ಹೋದರು. ನಾನು ರಾಶಿಯ ಹತ್ತಿರ ಬಂದು ಕುಳಿತೆ. ಆ ದಿನ ಬಸ್ಸಿನಲ್ಲಿ ದುರ್ಗಮ್ಮ ನನ್ನ ಕಡೆ ಬೆನ್ನು ಮಾಡಿ ಕಿಟಕಿಯ ಕಡೆಗೆ ತಿರುಗಿ ಕುಳಿತಳು.

ಮರುದಿನ ಬೆಳಿಗ್ಗೆ ಬುಟ್ಟಿ ತುಂಬಲೇ ಬೇಡವೇ ಎಂದು ನಾನು ನಿಂತಿರುವಾಗ ಮೇಸ್ತ್ರಿ, ತುಂಬಿಡು, ಆದರೆ ಒಲೆಗೆ ಈಗಲೇ ಬೇಡ, ಮೇಡಂ ಬರಲಿ ಎಂದರು. ಮೇಡಂ ಬಂದ ಮೇಲೆ ಸಾವ್ಕಾರರನ್ನೂ ಕರೆದು, ಬುಟ್ಟಿಯನ್ನು ಅವರ ಮುಂದೆ ಇಟ್ಟು, ತಮ್ಮ ಬಾಯಿಂದ ತಾವೇ ಎಲ್ಲವನ್ನೂ ಹೇಳಿದರು. ಇದು ನಾನು ಎಣಿಕೆಗೆ ಹಿಡಿಯದೆ ಬಿಟ್ಟ ಮಾಲು, ಒಂದು ಸಲ ಇದಿಲ್ಲದೆ, ಒಂದು ಸಲ ಇದರೊಂದಿಗೆ ಹುಯ್ಯೋಣ, ಯಾರ ಮಾತೂ ಬೇಡ, ಸುತ್ತಿಗೆ ಹೇಳಲಿ ಎಂದರು. ಮೇಡಂ ಬುಟ್ಟಿಯೊಳಗೆ ಕೈ ಹಾಕಿ ಒಂದು ಚೂರು ತೆಗೆದು ನೋಡಿದರು, ಅವರ ಮುಖ ಅರಳಿತು. ಹಳೆಯ ಗಿರಣಿ ಯಂತ್ರಗಳ ಬೀಡಿಗೆ ರಂಜಕ ಬೇಕೆಂದೇ ಹಾಕುತ್ತಿದ್ದರು, ತೆಳು ಭಾಗಗಳೆಲ್ಲ ತುಂಬಲಿ ಅಂತ, ಎಂದರು ಮೇಡಂ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಇದು ನಮ್ಮ ಒಲೆಯಲ್ಲಿಯೇ ಇದೆ ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದರು. ಸಾವ್ಕಾರರು ಏನೋ ಹೇಳಲು ಬಾಯಿ ತೆರೆದರು. ಮೇಡಂ ಅವರ ಕಡೆ ನೋಡಿದರು, ಅವರು ಬಾಯಿ ಮುಚ್ಚಿಕೊಂಡರು.

ಅಂದೇ ಎರಡೂ ಹುಯ್ದೆವು. ಆರಿದ ಮೇಲೆ, ಅದು ಮರುದಿನ, ಅಂಗಳದ ದಪ್ಪ ಕಬ್ಬಿಣದ ಪಟ್ಟಿಗೆ ಬಿಗಿದು ನಿಲ್ಲಿಸಿದರು. ಹೊಡೆಯಲು ಹುಡುಗರು ಮುಂದೆ ಬಂದರು. ಮೇಸ್ತ್ರಿ ದೊಡ್ಡ ಸುತ್ತಿಗೆಯನ್ನು ಅವರ ಕೈಯಿಂದ ತೆಗೆದುಕೊಂಡರು. ಮೊದಲು ತಮ್ಮ ಹೆಪ್ಪು ಹಾಕಿದ ಹ್ಯಾಂಗರಿಗೆ ಹೊಡೆದರು. ಕಟ್ಟೆಂದು ಮುರಿದು ತುಂಡು ಹಾರಿ ತಗಡಿನ ಗೋಡೆಗೆ ಬಡಿಯಿತು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅವರ ಕಾಲು ನೋಡುತ್ತ ನಿಂತೆ. ಆಮೇಲೆ ಇನ್ನೊಂದರ ಮುಂದೆ ಹೋಗಿ ನಿಂತರು. ಹೊಡೆದರು. ಸುತ್ತಿಗೆ ಪುಟಿಯಿತು. ಮತ್ತೆ ಹೊಡೆದರು, ಮತ್ತೆ ಪುಟಿಯಿತು. ಆ ಸದ್ದು ನನಗೆ ಗೊತ್ತಿದ್ದ ಸದ್ದು, ಟ್ರ್ಯಾಕ್ಟರಿನ ತುಂಡು ನಮ್ಮ ಭುಜ ಮುರಿಯುವಾಗಿನ ಸದ್ದು. ಅದನ್ನು ಕೇಳಿ ಜೀವನದಲ್ಲಿ ಮೊದಲ ಸಲ ಸಂತೋಷವಾಯಿತು. ಅವರು ಹೊಡೆಯುತ್ತಲೇ ಹೋದರು, ಬನಿಯನ್ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತು, ಮೀಸೆಯಿಂದ ಬೆವರು ತೊಟ್ಟಿಕ್ಕಿತು, ಸಿಟ್ಟೋ ಪ್ರೀತಿಯೋ ತಿಳಿಯದ ಹಾಗೆ ಹೊಡೆದರು. ಕೊನೆಗೆ ಹ್ಯಾಂಗರ್ ಮೆಲ್ಲಗೆ, ದೊಡ್ಡವರ ಮುಂದೆ ಸೊಸೆ ತಲೆ ಬಗ್ಗಿಸಿದ ಹಾಗೆ ಬಾಗಿತು. ಮುರಿಯಲಿಲ್ಲ. ಒಂದು ಕೂದಲಿನಷ್ಟು ಸೀಳೂ ಇಲ್ಲ. ಮೇಸ್ತ್ರಿ ಸುತ್ತಿಗೆ ನೆಲಕ್ಕೆ ಊರಿ ನಿಂತು, ಏದುಸಿರು ಬಿಡುತ್ತ, “ಇದು ನನ್ನ ಮಾತು ಕೇಳಂಗಿಲ್ಲ ನೋಡ್ರಿ. ಇದನ್ನ ಕಳಿಸ್ರಿ” ಎಂದರು. ದುರ್ಗಮ್ಮ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಮೂರನೆಯ ಮಾದರಿ ಹೋಯಿತು. ಕಾಯುವ ದಿನಗಳಲ್ಲಿ ನಾನು ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಸಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಆಮೇಲೆ ನೋಡಿದರೆ ದುರ್ಗಮ್ಮನೂ ಹರಸಿಕೊಂಡಿದ್ದಳು, ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ತೀರಿಸಿ ಬಂದೆವು. ಅದು ಇರಲಿ. ಫೋನು ಬಂದಾಗ ಸಾವ್ಕಾರರು ಅಂಗಳಕ್ಕೇ ಬಂದು ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿದರು. ಆ ಕಡೆಯವರು, ನಿಮ್ಮ ಹ್ಯಾಂಗರ್ ಪಾಸಾಗಿದೆ, ನಮ್ಮಲ್ಲಿ ಹೊಡೆದವನಿಗೆ ಕೈನೋವು ಬಂದಿದೆ ಎಂದರು. ಸಾವ್ಕಾರರು ಫೋನು ಜೇಬಿಗೆ ಹಾಕಿಕೊಂಡು, ಗೋಡೌನಿನ ಮಾತನ್ನು ಇನ್ನು ಯಾರೂ ಎತ್ತಬಾರದು ಎಂದರು, ಎತ್ತಿದವರು ತಾವೇ ಎಂಬುದನ್ನು ಮರೆತವರ ಹಾಗೆ. ಎಲ್ಲರಿಗೂ ದಾವಣಗೆರೆಯಿಂದ ಬೆಣ್ಣೆದೋಸೆ ತರಿಸಿದರು. ತಣ್ಣಗಾಗಿತ್ತು, ಚಟ್ನಿ ಚೆಲ್ಲಿತ್ತು, ಆದರೂ ಅಂಥ ದೋಸೆ ನಾನು ತಿಂದಿಲ್ಲ.

ಈಗ ಒಲೆ ದಿನವೂ ಉರಿಯುತ್ತದೆ. ಗಿರಣಿಯ ಕಬ್ಬಿಣವನ್ನು ಎಸೆಯಲಿಲ್ಲ. ಕೆಲವು ಹಳೆಯ ಬಗೆಯ ಗಾಡಿಗಳಿಗೆ ಇನ್ನೂ ಬೀಡಿನ ಬ್ರೇಕ್ ಬ್ಲಾಕು ಬೇಕಂತೆ, ಅದಕ್ಕೆ ರಂಜಕವಿರುವ ಬೀಡೇ ಒಳ್ಳೆಯದಂತೆ; ಮೇಡಂ ಅದನ್ನೂ ತಂದುಕೊಟ್ಟರು, ಆ ಗುಡ್ಡೆ ಅದಕ್ಕೆ ಹೋಗುತ್ತದೆ. ಹ್ಯಾಂಗರ್ ಹುಯ್ಯುವ ದಿನ ಮೇಸ್ತ್ರಿ ಹಿಂದಿನ ದಿನದ ಒಳ್ಳೆಯ ಎರಕದಿಂದ ಕತ್ತರಿಸಿ ಉಳಿದ ತುಂಡುಗಳನ್ನು ಬುಟ್ಟಿಗೆ ತುಂಬಿಸಿ, ಕುಂಕುಮ ಹಚ್ಚಿ ಸುರಿಯುತ್ತಾರೆ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ, ಇದು ಸರಿಯಾದ ಹೆಪ್ಪು ಎಂದು ಮೇಡಂ ಒಪ್ಪಿದ್ದಾರೆ. ಗುಜರಿಯನ್ನು ಬೇರೆ ಬೇರೆ ರಾಶಿ ಮಾಡುವ ಹೆಂಗಸರಿಗೆ ನಾನೇ ಮುಂದಾಳು. ಹೊಸಬರು ಬಂದರೆ ಮೊದಲು ಮುರಿದ ಮುಖ ನೋಡಲು ಕಲಿಸುತ್ತೇನೆ.

ಬೆಣ್ಣೆದೋಸೆಯ ದಿನ ಒಂದು ಮಾತಾಯಿತು, ಅದನ್ನು ಹೇಳಿ ಮುಗಿಸುತ್ತೇನೆ. ಸಾವ್ಕಾರರು, ಈ ಕರಿಬಸಮ್ಮ ನನ್ನ ಹತ್ತಿರ ಬಂದು ಮೊದಲೇ ಹೇಳಿದ್ದರೆ ಒಂದು ದಿನ ಉಳಿಯುತ್ತಿತ್ತು ಎಂದು ನಗುತ್ತ ಅಂದರು. ಮೇಸ್ತ್ರಿ ಎಲೆಯಿಂದ ತಲೆ ಎತ್ತಲಿಲ್ಲ. “ನಿಮ್ಮ ಹತ್ರ ಬಂದಿದ್ರೆ ನಾನು ಆವತ್ತೇ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೋಗ್ತಿದ್ದೆ ಸಾವ್ಕಾರ್ರ. ಒಲಿ ಆವತ್ತೇ ಆರ್ತಿತ್ತು. ಈಕಿ ನನ್ನ ಹತ್ರ ಬಂದ್ಲು” ಎಂದರು.

ಮಕ್ಕಳೇ, ಯಾರ ಕೈಯ ಕೆಲಸದಲ್ಲಾದರೂ ಕೊರತೆ ಕಂಡರೆ ಮೊದಲು ಅವರ ಹತ್ತಿರವೇ ಹೋಗಿ, ಅವರು ಚಹಾ ಕುಡಿಯುವ ಹೊತ್ತು ನೋಡಿಕೊಂಡು. ನನಗೆ ಗೊತ್ತಿರುವುದು ಇಷ್ಟೇ. ಇದರಲ್ಲಿ ಒತ್ತು, ದೀರ್ಘ ಎಲ್ಲೆಲ್ಲಿ ಬಿಟ್ಟಿದ್ದೇನೋ ತಿಳಿಯದು, ಓದಿದವರು ದಯವಿಟ್ಟು ತಪ್ಪನ್ನು ಮನ್ನಿಸಬೇಕು.